ಕುದುರೆಯೂ ನಾನೇ, ಸವಾರನೂ ನಾನೇ

ಮೂರು ವರ್ಷದ ಹಿಂದೆ ಸಹ್ಯಾದ್ರಿಯ ಗುಡ್ಡಗಳಲ್ಲಿ ನಡೆದ 50 ಕಿಲೋಮೀಟರಿನ ಓಟವೊಂದರಲ್ಲಿ ನಾನು 34ನೇ ಕಿಲೋಮೀಟರಿಗೆ ಕೂತುಬಿಟ್ಟೆ. ಕೂತೆ ಎನ್ನುವುದಕ್ಕಿಂತ ಕಾಲುಗಳೇ ನನ್ನನ್ನು ಕೂರಿಸಿದವು ಎನ್ನಬೇಕು. ತೊಡೆಗಳು ಮರದ ಕೊರಡಿನಂತಾಗಿದ್ದವು, ಕುಡಿದ ನೀರು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ವಿಚಿತ್ರವೆಂದರೆ 20ನೇ ಕಿಲೋಮೀಟರಿನವರೆಗೂ ಎಲ್ಲ ಚೆನ್ನಾಗಿಯೇ ಇತ್ತು. ಎಕ್ಸೆಲ್ ಹಾಳೆಯಲ್ಲಿ ನಾನೇ ಹಾಕಿಕೊಂಡಿದ್ದ ಲೆಕ್ಕಕ್ಕಿಂತ 22 ನಿಮಿಷ ಮುಂದಿದ್ದೆ. ಪ್ರಾಜೆಕ್ಟ್ ಮ್ಯಾನೇಜರ್ ಆದವನಿಗೆ ಯೋಜನೆಗಿಂತ ಮುಂದಿರುವುದರಷ್ಟು ಖುಷಿ ಬೇರೆ ಯಾವುದರಲ್ಲೂ ಇಲ್ಲ.

ನಾನು ಕಲ್ಲಿನ ಮೇಲೆ ಕೂತಿದ್ದಾಗ ನಮ್ಮ ಪುಣೆಯ ಗುಂಪಿನ ಅರವತ್ತು ದಾಟಿದ ಕಾಕಾ ಒಬ್ಬರು ನಡೆಯುತ್ತಲೇ ಬಂದರು. ಓಡುತ್ತಿರಲಿಲ್ಲ, ಬರೀ ನಡಿಗೆ. ಚೀಲದಿಂದ ಒಂದು ಚಿಕ್ಕಿ ತೆಗೆದು ಕೈಗಿಟ್ಟು, "ಸಾವಕಾಶ ಯಾ" ಎಂದು ಮರಾಠಿಯಲ್ಲಿ ಹೇಳಿ ಮುಂದೆ ಹೋದರು. ನಿಧಾನವಾಗಿ ಬನ್ನಿ ಎಂದು. ಸಾವಕಾಶ ನಮ್ಮ ಧಾರವಾಡದ ಕಡೆಯ ಮಾತೂ ಹೌದು. ಊರಲ್ಲಿ ದಿನಕ್ಕೆ ಹತ್ತು ಸಲ ಕೇಳಿ ಬೆಳೆದ ಮಾತನ್ನು ಮಹಾರಾಷ್ಟ್ರದ ಗುಡ್ಡದ ಮೇಲೆ, ಸೋತು ಕೂತಾಗ, ಮತ್ತೆ ಕೇಳಿಸಿಕೊಂಡೆ. ಕಾಕಾ ಓಟ ಮುಗಿಸಿದರು. ನಾನು ಜೀಪಿನಲ್ಲಿ ವಾಪಸ್ಸಾದೆ.

ನಮ್ಮಂಥವರು ಸೋತರೆ ಓದಲು ಕೂರುತ್ತೇವೆ. ಗುಡ್ಡಗಾಡಿನ ದೀರ್ಘ ಓಟದಲ್ಲಿ ಎಷ್ಟು ವೇಗ ಸರಿ ಎಂಬುದನ್ನು ಮನುಷ್ಯ ಹೇಗೆ ಕಂಡುಕೊಂಡ ಎಂದು ಹುಡುಕುತ್ತ ಹೋದೆ. ಆ ಹುಡುಕಾಟ ಅಮೆರಿಕದ ಕ್ಯಾಲಿಫೋರ್ನಿಯಾದ ಒಂದೇ ಒಂದು ದಾರಿಗೆ ತಂದು ನಿಲ್ಲಿಸಿತು. ಆ ದಾರಿಯ ಕಥೆ ಶುರುವಾಗುವುದು ಮನುಷ್ಯನಿಂದಲ್ಲ, ಕುದುರೆಯಿಂದ.

*

ಸಿಯೆರಾ ನೆವಾಡ ಪರ್ವತಸಾಲಿನಲ್ಲಿ ಟಾಹೋ ಸರೋವರದ ಕಡೆಯಿಂದ ಆಬರ್ನ್ ಎಂಬ ಊರಿಗೆ ಇಳಿಯುವ ಹಳೆಯ ಕಾಲುದಾರಿಗಳಿವೆ. ಹತ್ತೊಂಬತ್ತನೇ ಶತಮಾನದಲ್ಲಿ ಚಿನ್ನ ಹುಡುಕಲು ಬಂದವರು ತುಳಿದ ದಾರಿ. 1955ರಲ್ಲಿ ಆಬರ್ನಿನ ವ್ಯಾಪಾರಿ ವೆಂಡೆಲ್ ರೋಬಿ ಎಂಬಾತ, ಈ ಕಾಲದ ಕುದುರೆಯೂ ಒಂದೇ ದಿನದಲ್ಲಿ ನೂರು ಮೈಲಿ ಹೋಗಬಲ್ಲದು ಎಂದು ತೋರಿಸಲು ಕೆಲವು ಸ್ನೇಹಿತರೊಂದಿಗೆ ಈ ದಾರಿಯಲ್ಲಿ ಸವಾರಿ ಹೊರಟ. ಅದು ಪ್ರತಿವರ್ಷದ ಸ್ಪರ್ಧೆಯಾಯಿತು. ಟೆವಿಸ್ ಕಪ್ ಎಂದು ಹೆಸರು. ನಿಯಮ ಸರಳ: 24 ಗಂಟೆಯೊಳಗೆ ಆಬರ್ನ್ ಸೇರಿದವರಿಗೆ ಬೆಳ್ಳಿಯ ಬಕಲ್.

ಆದರೆ ಇನ್ನೊಂದು ನಿಯಮವೂ ಇತ್ತು. ನನ್ನ ಮನಸ್ಸನ್ನು ಹಿಡಿದದ್ದು ಅದೇ. ದಾರಿಯುದ್ದಕ್ಕೂ ಅಲ್ಲಲ್ಲಿ ಪಶುವೈದ್ಯರು ನಿಂತಿರುತ್ತಾರೆ. ಕುದುರೆಯ ನಾಡಿ ನೋಡುತ್ತಾರೆ, ನಡಿಗೆ ನೋಡುತ್ತಾರೆ, ಮೈಯಲ್ಲಿ ನೀರು ಇಂಗಿದೆಯೇ ಎಂದು ನೋಡುತ್ತಾರೆ. ಮುಂದೆ ಹೋಗುವ ಸ್ಥಿತಿಯಲ್ಲಿ ಇಲ್ಲವೆಂದರೆ ಸವಾರಿ ಅಲ್ಲಿಗೇ ಮುಗಿಯಿತು. ಸವಾರ ಎಷ್ಟೇ ಮುಂದಿರಲಿ, ಎಷ್ಟೇ ಗೋಗರೆಯಲಿ. 1964ರಿಂದ ಹ್ಯಾಗಿನ್ ಕಪ್ ಎಂಬ ಇನ್ನೊಂದು ಬಹುಮಾನವೂ ಸೇರಿತು. ಅದು ಮೊದಲು ಬಂದ ಕುದುರೆಗಲ್ಲ. ಮೊದಲು ಬಂದ ಹತ್ತರಲ್ಲಿ ಅತ್ಯಂತ ಒಳ್ಳೆಯ ಸ್ಥಿತಿಯಲ್ಲಿರುವ ಕುದುರೆಗೆ. ಅಂದರೆ ಬೇಗ ಬಂದದ್ದಷ್ಟೇ ಅಲ್ಲ, ಬಂದಾಗ ಕುದುರೆಯಲ್ಲಿ ಎಷ್ಟು ಉಳಿದಿತ್ತು ಎಂಬುದಕ್ಕೂ ಬೆಲೆ.

ಇದನ್ನು ಓದಿದಾಗ ಅಜ್ಜ ನೆನಪಾದ. ಚಕ್ಕಡಿ ಹೊಡೆಯಲು ಕಲಿಸುವಾಗ ಹೇಳುತ್ತಿದ್ದ: "ಏರು ಬಂದಾಗ ಬಾರಕೋಲ ಎತ್ತಬ್ಯಾಡೋ ತಮ್ಮಾ. ಊರು ಇನ್ನಾ ಎಷ್ಟು ದೂರ ಐತಿ ಅನ್ನೋದು ಎತ್ತಿಗೆ ಗೊತ್ತಿಲ್ಲ, ನಿನಗ ಗೊತ್ತೈತಿ." ಬೇಸಾಯ ಮಾಡುವವರಿಗೆ ಇದು ದೊಡ್ಡ ತತ್ವವಲ್ಲ, ದಿನದ ವಿವೇಕ. ಎಂಟೆಕ್ ಮಾಡಿದ ಮೊಮ್ಮಗನಿಗೆ ಅರ್ಥವಾಗಲು ನಲವತ್ತು ದಾಟಬೇಕಾಯಿತು.

*

1973ರ ಟೆವಿಸ್ ಕಪ್‌ನಲ್ಲಿ ಗೋರ್ಡಿ ಏನ್ಸ್ಲಿ ಎಂಬ ಯುವಕನ ಕುದುರೆ ರಾಬಿನ್ಸನ್ ಫ್ಲ್ಯಾಟ್ ಎಂಬಲ್ಲಿ, ಇನ್ನೂ ಮೂರನೇ ಒಂದು ಭಾಗ ದಾರಿಯೂ ಮುಗಿಯುವ ಮೊದಲೇ, ಕುಂಟತೊಡಗಿತು. ಸವಾರಿ ಮುಗಿಯಿತು. ಗೋರ್ಡಿ ದೊಡ್ಡ ಮೈಕಟ್ಟಿನವನು. ಕುದುರೆಗೆ ಹಗುರಾಗಲೆಂದು ಎಷ್ಟೋ ಕಡೆ ಇಳಿದು ಅದರ ಪಕ್ಕದಲ್ಲೇ ಓಡುವ ಅಭ್ಯಾಸ ಅವನಿಗಿತ್ತು. ಸವಾರಿಯ ಸಂಘದಲ್ಲಿದ್ದ ಡ್ರೂಸಿಲ್ಲಾ ಬಾರ್ನರ್ ಎಂಬಾಕೆ, 1961ರಲ್ಲಿ ಟೆವಿಸ್ ಕಪ್ ಗೆದ್ದ ಮೊದಲ ಹೆಣ್ಣುಮಗಳು, ಹಾಗಾದರೆ ಕುದುರೆಯಿಲ್ಲದೆಯೇ ಓಡು ಎಂದು ಸೂಚಿಸಿದಳು.

1974ರ ಬೇಸಿಗೆಯಲ್ಲಿ ಗೋರ್ಡಿ ಸುಮಾರು ಇನ್ನೂರು ಕುದುರೆಗಳ ಜೊತೆಗೆ ಕಾಲ್ನಡಿಗೆಯಲ್ಲಿ ಹೊರಟ. ಸುಡುವ ಬಿಸಿಲು. 23 ಗಂಟೆ 42 ನಿಮಿಷಕ್ಕೆ ಆಬರ್ನ್ ತಲುಪಿದ, ಕುದುರೆಗೆ ಕೊಟ್ಟ ಗಡುವಿಗೆ 18 ನಿಮಿಷ ಉಳಿದಿರುವಾಗ. ಎರಡು ವರ್ಷದ ಹಿಂದೆ, 1972ರಲ್ಲಿ, ಇಪ್ಪತ್ತು ಸೈನಿಕರು ಇದೇ ದಾರಿಯನ್ನು ಕಾಲ್ನಡಿಗೆಯಲ್ಲಿ ದಾಟಲು ಹೊರಟು, ಏಳು ಜನ ಮುಗಿಸಿದ್ದರು. ಆದರೆ ಒಂದೇ ದಿನದಲ್ಲಿ ಮುಗಿಸಿದವರು ಯಾರೂ ಇರಲಿಲ್ಲ.

ಗಮನಿಸಿ, 24 ಗಂಟೆ ಎಂಬ ಅಂಕಿ ಮನುಷ್ಯನ ದೇಹ ನೋಡಿ ಇಟ್ಟದ್ದಲ್ಲ. ಕುದುರೆಯಿಂದ ಎರವಲು ಬಂದದ್ದು. ಇಂದಿಗೂ ಜಗತ್ತಿನ ಎಷ್ಟೋ ನೂರು ಮೈಲಿ ಓಟಗಾರರು 24 ಗಂಟೆಯೊಳಗೆ ಮುಗಿಸಬೇಕೆಂದು ಕನಸು ಕಾಣುತ್ತಾರೆ. ಅದರ ಹಿಂದೆ 1955ರ ಒಂದು ಕುದುರೆ ಸವಾರಿ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತೋ.

ನಂತರದ ಮೂರು ವರ್ಷದ ಕಥೆ ಇನ್ನೂ ಸ್ವಾರಸ್ಯ. 1975ರಲ್ಲಿ ರಾನ್ ಕೆಲ್ಲಿ ಎಂಬಾತ ಗುರಿಗೆ ಕೇವಲ ಎರಡು ಮೈಲಿ ಇರುವಾಗ ನಿಲ್ಲಿಸಿದ, ಸಮಯ ಇನ್ನೂ ಇತ್ತು. 1976ರಲ್ಲಿ ಕೆನ್ ಶರ್ಕ್ ಮುಗಿಸಿದ, ಆದರೆ ಗಡುವು ಮೀರಿ ಅರ್ಧ ಗಂಟೆಯಾಗಿತ್ತು. 1977ರಲ್ಲಿ ಮೊದಲ ಬಾರಿ ಇದು ಅಧಿಕೃತ ಓಟವಾಯಿತು: ವೆಸ್ಟರ್ನ್ ಸ್ಟೇಟ್ಸ್. ಆ ವರ್ಷವೂ ಕುದುರೆಗಳ ಜೊತೆಗೇ ನಡೆದದ್ದು. ಓಟಗಾರರ ಮೇಲೆ ಕಣ್ಣಿಟ್ಟವರು ಸವಾರಿಯ ಪಶುವೈದ್ಯ ತಂಡದವರು. ಹೊರಟವರು 14 ಜನ, ಮುಗಿಸಿದವರು ಮೂರು.

ಮೊದಲು ಬಂದವನು 22 ವರ್ಷದ ಆಂಡಿ ಗೊನ್ಸಾಲೆಸ್, 22 ಗಂಟೆ 57 ನಿಮಿಷ. ಉಳಿದಿಬ್ಬರು ಒಟ್ಟಿಗೇ ಬಂದರು, 28 ಗಂಟೆ 36 ನಿಮಿಷಕ್ಕೆ. ಅವರ ವಯಸ್ಸು 53 ಮತ್ತು 54. ಹನ್ನೊಂದು ಜನ ದಾರಿಯಲ್ಲೇ ಬಿದ್ದುಹೋದಾಗ ಈ ಇಬ್ಬರು ಐವತ್ತು ದಾಟಿದವರು ಹೆಜ್ಜೆಗೆ ಹೆಜ್ಜೆ ಜೋಡಿಸಿ ನಡೆದು ಬಂದಿದ್ದರು. ಒಬ್ಬ ಪೀಟರ್ ಮಟ್ಟೈ, ಇನ್ನೊಬ್ಬ ರಾಲ್ಫ್ ಪ್ಯಾಫನ್‌ಬರ್ಗರ್. ವ್ಯಾಯಾಮಕ್ಕೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ಸಾವಿರಾರು ಹಳೆಯ ವಿದ್ಯಾರ್ಥಿಗಳ ಆರೋಗ್ಯ ದಾಖಲೆಗಳಲ್ಲಿ ಹುಡುಕಿ ತೋರಿಸಿದ ವೈದ್ಯ ವಿಜ್ಞಾನಿ ಅದೇ ಪ್ಯಾಫನ್‌ಬರ್ಗರ್. ಅವರಿಬ್ಬರೂ ಕುದುರೆಯ ಗಡುವನ್ನು ಮೀರಿದ್ದರು. ಆದರೆ ಅವರನ್ನು ಸೋತವರೆಂದು ಕರೆಯಲು ಯಾರಿಗೂ ಮನಸ್ಸಾಗಲಿಲ್ಲ. 30 ಗಂಟೆಯ ಮಿತಿ ಹುಟ್ಟಿದ್ದು ಅವರಿಂದ. ಮರುವರ್ಷ, 1978ರಲ್ಲಿ, ಪ್ಯಾಟ್ ಸ್ಮೈಥ್ 29 ಗಂಟೆ 34 ನಿಮಿಷಕ್ಕೆ ಬಂದು ಈ ಓಟ ಮುಗಿಸಿದ ಮೊದಲ ಮಹಿಳೆಯಾದಳು.

*

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ವೆಸ್ಟರ್ನ್ ಸ್ಟೇಟ್ಸ್‌ನ ಇಂದಿನ ದಾರಿ 100.2 ಮೈಲಿ, ಅಂದರೆ ಸುಮಾರು 161 ಕಿಲೋಮೀಟರ್. ಒಟ್ಟು ಏರು ಸುಮಾರು 18,000 ಅಡಿ, ಇಳಿಜಾರು ಸುಮಾರು 23,000 ಅಡಿ. 24 ಗಂಟೆಯಲ್ಲಿ ಮುಗಿಸಲು ಒಂದು ಕಿಲೋಮೀಟರಿಗೆ ಸುಮಾರು 9 ನಿಮಿಷ ಸಾಕು. ಬೆಳಗಿನ ವಾಕಿಂಗಿಗೆ ಬರುವವರಲ್ಲಿ ಚುರುಕಾದವರು ಸ್ವಲ್ಪ ಓಡಿದರೆ ಈ ವೇಗ ಬಂದೀತು. ಹಾಗಿದ್ದರೂ ಯಾಕೆ ಜನ ಬೀಳುತ್ತಾರೆ?

ಮೊದಲ ಕಾರಣ, ಗುಡ್ಡದಲ್ಲಿ ಕಿಲೋಮೀಟರ್ ಎಂಬುದು ನಂಬುವ ಅಳತೆಯಲ್ಲ. ಇಟಲಿಯ ಶರೀರಶಾಸ್ತ್ರಜ್ಞ ಆಲ್ಬರ್ಟೊ ಮಿನೆಟ್ಟಿ ಮತ್ತು ಜೊತೆಗಾರರು 2002ರಲ್ಲಿ ಇದನ್ನು ಅಳೆದು ತೋರಿಸಿದರು. ನೂರು ಮೀಟರ್ ಮುಂದೆ ಹೋದಾಗ 45 ಮೀಟರ್ ಮೇಲೇರುವಂಥ ಕಡಿದಾದ ಏರಿನಲ್ಲಿ ಓಡಲು, ಸಮತಟ್ಟಿನಲ್ಲಿ ಓಡುವುದಕ್ಕಿಂತ ಐದು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಅಷ್ಟು ಕಡಿದಾದ ಏರಿನಲ್ಲಿ ನಡೆದರೂ ಓಡಿದರೂ ಪ್ರತಿ ಮೀಟರಿಗೆ ಖರ್ಚು ಹೆಚ್ಚುಕಡಿಮೆ ಒಂದೇ. ಏರಿನಲ್ಲಿ ನಡೆಯುವುದು ಸೋಲಲ್ಲ, ಒಳ್ಳೆಯ ಲೆಕ್ಕ. ಕಾಕಾ ನಡೆಯುತ್ತಿದ್ದದ್ದು ಅದಕ್ಕೇ. ನಾನು ಅದೇ ಏರುಗಳಲ್ಲಿ ಗಡಿಯಾರ ನೋಡುತ್ತ ಓಡಿದ್ದೆ.

ಎರಡನೆಯದು ಇಳಿಜಾರು. ಇಳಿಯುವಾಗ ಉಸಿರು ಹಗುರ, ಖರ್ಚು ಕಡಿಮೆ, ಹಾಗಾಗಿ ಮೋಸ ಹೋಗುತ್ತೇವೆ. ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕಬೇಕು. ಆ ಕೆಲಸದಲ್ಲಿ ಸ್ನಾಯುವಿನ ಎಳೆಗಳಿಗೆ ಏಟು ಬೀಳುತ್ತದೆ. ಆ ಏಟು ಆಗಲೇ ಗೊತ್ತಾಗುವುದಿಲ್ಲ. ಗಂಟೆಗಳ ನಂತರ ಬಡ್ಡಿ ಸಮೇತ ಬರುತ್ತದೆ.

ಮೂರನೆಯದು ಹೊಟ್ಟೆ. ಸ್ನಾಯು ಮತ್ತು ಯಕೃತ್ತಿನಲ್ಲಿ ನಾವು ಕೂಡಿಟ್ಟ ಸಕ್ಕರೆಯಂಶ ಸುಮಾರು 2,000 ಕ್ಯಾಲೊರಿ. ನೂರು ಮೈಲಿಗೆ 70 ಕಿಲೋ ತೂಕದವನಿಗೆ 11,000ಕ್ಕೂ ಹೆಚ್ಚು ಬೇಕು. ಉಳಿದದ್ದು ಮೈಯ ಕೊಬ್ಬಿನಿಂದ ಮತ್ತು ದಾರಿಯಲ್ಲಿ ತಿಂದದ್ದರಿಂದ ಬರಬೇಕು. ವೇಗ ಹೆಚ್ಚಾದಷ್ಟೂ ಸಕ್ಕರೆ ಬೇಗ ಕರಗುತ್ತದೆ. ಜೊತೆಗೆ ರಕ್ತ ಕಾಲಿಗೂ, ಮೈ ತಂಪು ಮಾಡಲು ಚರ್ಮಕ್ಕೂ ಹರಿದು ಹೊಟ್ಟೆಗೆ ಕಡಿಮೆಯಾಗುತ್ತದೆ. ಆಮೇಲೆ ತಿಂದದ್ದು ಒಳಗೆ ನಿಲ್ಲುವುದಿಲ್ಲ.

ಈ ಮೂರರಲ್ಲೂ ಒಂದು ಸಾಮ್ಯ ಇದೆ: ತಪ್ಪು ಮಾಡುವ ಹೊತ್ತಿಗೂ ಶಿಕ್ಷೆ ಬರುವ ಹೊತ್ತಿಗೂ ನಡುವೆ ಗಂಟೆಗಳ ಅಂತರ. ಕುದುರೆಯ ಸ್ಥಿತಿ ನೋಡಲು ಪಶುವೈದ್ಯರನ್ನು ಇಟ್ಟದ್ದು ಇದಕ್ಕೇ. ಮನುಷ್ಯ ಒಬ್ಬನೇ ಓಡುವಾಗ ಕುದುರೆಯೂ ಅವನೇ, ಸವಾರನೂ ಅವನೇ, ವೈದ್ಯನೂ ಅವನೇ ಆಗಬೇಕು. ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ದಶಕಗಳ ಕಾಲ ಓಟಗಾರರನ್ನು ದಾರಿಯಲ್ಲಿ ನಿಲ್ಲಿಸಿ ತೂಕ ನೋಡುತ್ತಿದ್ದರು. ಅದು ಕುದುರೆಯ ಕಾಲದ ವಿವೇಕದ ಮುಂದುವರಿಕೆಯೇ ಎಂದು ನನಗೆ ಅನ್ನಿಸುತ್ತದೆ.

*

ಈ ದಾರಿಯಲ್ಲಿ 62ನೇ ಮೈಲಿಗೆ ಫಾರೆಸ್ಟ್‌ಹಿಲ್ ಎಂಬ ಊರಿದೆ. ಬಿಸಿಲಿನ ಆಳವಾದ ಕಣಿವೆಗಳನ್ನು ದಾಟಿ ಬರುವ ಜಾಗ. ಓಟ ನಿಜವಾಗಿ ಶುರುವಾಗುವುದು ಇಲ್ಲಿಂದ ಎಂಬ ಮಾತು ಅಲ್ಲಿನ ಓಟಗಾರರಲ್ಲಿ ಇದೆ. ಇಲ್ಲಿಂದ ಮುಂದೆ ಜೊತೆಗೊಬ್ಬ ಪೇಸರ್, ಅಂದರೆ ಜೊತೆ ಓಟಗಾರ, ಬರಬಹುದು. ನೂರು ಮೈಲಿಯಲ್ಲಿ ಬಹುತೇಕ ಎಲ್ಲರೂ ಕೊನೆಗೆ ನಿಧಾನವಾಗುತ್ತಾರೆ. ಎಷ್ಟು ನಿಧಾನ ಎಂಬುದರಲ್ಲೇ ಗೆಲುವು ಸೋಲು ಇರುವುದು.

2010ರಲ್ಲಿ ಆಂಟನ್ ಕ್ರುಪಿಚ್ಕಾ ಮತ್ತು ಸ್ಪೇನಿನ ಕಿಲಿಯನ್ ಜೊರ್ನೆಟ್ ಜೋಡಿಯಾಗಿ ಮುಂದೆ ಓಡುತ್ತಿದ್ದರು. ಜೆಫ್ ರೋಸ್ ಎಂಬಾತ ಹಿಂದೆ ಬಿದ್ದು, ನಡುದಾರಿಯಲ್ಲಿ ಬಿಟ್ಟುಬಿಡುವ ಯೋಚನೆಯಲ್ಲಿದ್ದ. ಬಿಡಲಿಲ್ಲ. ಚೇತರಿಸಿಕೊಂಡು, ಕೊನೆಯ ಭಾಗದಲ್ಲಿ ಇಬ್ಬರನ್ನೂ ದಾಟಿ 15:07:04ಕ್ಕೆ ದಾಖಲೆ ಬರೆದ. ಇದಕ್ಕೆ ವಿರುದ್ಧವಾದದ್ದು 2006ರ ಚಿತ್ರ. ಓಟ ಮುಗಿಯುವುದು ಆಬರ್ನಿನ ಹೈಸ್ಕೂಲು ಮೈದಾನದ ಟ್ರ್ಯಾಕಿನಲ್ಲಿ. ಬ್ರಯನ್ ಮಾರಿಸನ್ ಮೊದಲಿಗನಾಗಿ ಆ ಟ್ರ್ಯಾಕಿಗೆ ಬಂದ, ಗುರಿ ಕಣ್ಣೆದುರೇ ಇತ್ತು, ಕುಸಿದು ಬಿದ್ದ. ಜೊತೆಗಾರರು ಎತ್ತಿ ದಾಟಿಸಿದರು. ನೆರವು ಪಡೆದ ಕಾರಣ ಅನರ್ಹನಾದ. ನೂರು ಮೈಲಿ ಓಡಿ ಕೆಲವು ನೂರು ಅಡಿಗೆ ಸೋತ.

ಆದರೆ ಈ ಇತಿಹಾಸವನ್ನು "ನಿಧಾನವೇ ಪ್ರಧಾನ" ಎಂಬ ಗಾದೆಗೆ ಇಳಿಸಿಬಿಟ್ಟರೆ ತಪ್ಪಾಗುತ್ತದೆ. ಜಿಮ್ ವಾಮ್ಸ್ಲಿಯ ಕಥೆ ಅದಕ್ಕೆ ಅಡ್ಡ ಬರುತ್ತದೆ. 2016ರಲ್ಲಿ 26 ವರ್ಷದ ವಾಮ್ಸ್ಲಿ ದಾಖಲೆಗಿಂತ ವೇಗವಾಗಿ ಓಡುತ್ತಿದ್ದ. ಸುಮಾರು 92ನೇ ಮೈಲಿಯಲ್ಲಿ ದಾರಿ ತಪ್ಪಿದ. ತಪ್ಪು ತಿಳಿದು ವಾಪಸ್ ಬರುವಷ್ಟರಲ್ಲಿ ಮೈಯಲ್ಲಿ ಏನೂ ಉಳಿದಿರಲಿಲ್ಲ. ನಡೆದುಕೊಂಡು 20ನೆಯವನಾಗಿ ಮುಗಿಸಿದ. ಅವನ ಹಿಂದೆ ತನ್ನ ಪಾಡಿಗೆ ತಾನು ಓಡುತ್ತಿದ್ದ 20 ವರ್ಷದ ಆಂಡ್ರ್ಯೂ ಮಿಲ್ಲರ್ ಗೆದ್ದ. 2017ರಲ್ಲಿ ವಾಮ್ಸ್ಲಿ ಮತ್ತೆ ಅದೇ ಅಬ್ಬರದಿಂದ ಹೊರಟ. ಬಿಸಿಲು, ವಾಂತಿ, 78ನೇ ಮೈಲಿಯ ನದಿಯ ಬಳಿ ಓಟ ಬಿಟ್ಟ. 2018 ಇನ್ನೊಂದು ಬಿಸಿ ವರ್ಷ. ಈ ಸಲ ಸ್ವಲ್ಪ ಹಿಡಿತದಲ್ಲಿ ಓಡಿ 14:30:04ಕ್ಕೆ ಹಳೆಯ ದಾಖಲೆ ಮುರಿದ. 2019ರಲ್ಲಿ ಅದನ್ನೂ ಮುರಿದು 14:09:28.

ಅವನು ಅಂಜುಬುರುಕನಾಗಿ ಗೆದ್ದದ್ದಲ್ಲ. ವೇಗವನ್ನು ಬಿಡಲಿಲ್ಲ, ತನ್ನ ಕುದುರೆಯನ್ನು ತಿಳಿದುಕೊಂಡ. ಅದಕ್ಕೆ ಎರಡು ಸೋಲು ಬೇಕಾದವು. ಯುರೋಪಿನ ಮೌಂಟ್ ಬ್ಲಾಂಕ್ ಸುತ್ತಿನ ಓಟದಲ್ಲೂ ಹೀಗೇ ಆಯಿತು: 2018ರಲ್ಲಿ, 2021ರಲ್ಲಿ ಅರ್ಧಕ್ಕೆ ಬಿಟ್ಟ, 2022ರಲ್ಲಿ ಮುಂದಿದ್ದು ಕೊನೆಗೆ ನಾಲ್ಕನೆಯವನಾದ. ಆಲ್ಪ್ಸ್‌ನಲ್ಲೇ ಹೋಗಿ ನೆಲೆಸಿ, 2023ರಲ್ಲಿ, ಐದನೆಯ ಪ್ರಯತ್ನಕ್ಕೆ ಗೆದ್ದ.

*

ನನ್ನ ಮಟ್ಟಿಗೆ ಇದು ಬರೀ ಓಟದ ವಿಷಯವಲ್ಲ. ನಾನು ಸಹ್ಯಾದ್ರಿಯಲ್ಲಿ ಕೂತುಬಿಟ್ಟ ಅದೇ ವರ್ಷ ನನ್ನ ಕೈಕೆಳಗೆ ಹನ್ನೊಂದು ಜನರ ತಂಡ ಇತ್ತು. ಒಂಬತ್ತು ತಿಂಗಳ ಕೆಲಸ. ಐದನೇ ತಿಂಗಳಲ್ಲಿ ನಾವು ಯೋಜನೆಗಿಂತ ಮೂರು ವಾರ ಮುಂದಿದ್ದೆವು. ಪ್ರತಿ ಸೋಮವಾರದ ಮೀಟಿಂಗಿನಲ್ಲಿ ಆ ಚಾರ್ಟ್ ತೋರಿಸಿ ಬೀಗುತ್ತಿದ್ದೆ. ಆ ಮೂರು ವಾರ ಎಲ್ಲಿಂದ ಬಂತು ಎಂದು ನಾನೂ ಕೇಳಲಿಲ್ಲ, ನನ್ನ ಮೇಲಿನವರೂ ಕೇಳಲಿಲ್ಲ. ಏಳನೇ ತಿಂಗಳಲ್ಲಿ ತಂಡದ 26ರ ಹುಡುಗನೊಬ್ಬ, ವಿಜಯಪುರದ ಕಡೆಯವನು, ರಾತ್ರಿ ಎರಡು ಗಂಟೆಗೆ ತನ್ನ ಬಾಡಿಗೆ ರೂಮಿನಲ್ಲಿ ತಲೆಸುತ್ತಿ ಬಿದ್ದ. ಆಸ್ಪತ್ರೆಯಲ್ಲಿ ಅವನ ತಾಯಿ ನನ್ನನ್ನು ಬೈಯಲಿಲ್ಲ. "ಸರ್, ಅವ ಫೋನಿನ್ಯಾಗ ಯಾವಾಗಲೂ ಆರಾಮ ಅದೀನಿ ಅಂತಿದ್ದ" ಎಂದಷ್ಟೇ ಹೇಳಿದರು. ನನಗೂ ಅವನು ಅದನ್ನೇ ಹೇಳುತ್ತಿದ್ದ. ನಾನು ನಂಬುತ್ತಿದ್ದೆ, ಯಾಕೆಂದರೆ ನಂಬುವುದು ಅನುಕೂಲವಾಗಿತ್ತು. ಅವನು ಕೆಲಸ ಬಿಟ್ಟು ಊರಿಗೆ ಹೋದ.

ಊರು ಎಷ್ಟು ದೂರ ಇದೆ ಎಂದು ಆ ಹುಡುಗನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕ್ಯಾಲಿಫೋರ್ನಿಯಾದಲ್ಲಿ ಕುದುರೆಗೆ ಸಿಕ್ಕ ರಕ್ಷಣೆ, ನಡುವೆ ನಿಲ್ಲಿಸಿ ನಾಡಿ ನೋಡುವ ಒಬ್ಬ ಮೂರನೆಯವನು, ನನ್ನ ತಂಡಕ್ಕೆ ಇರಲಿಲ್ಲ. ಈಗ ಪ್ರತಿ ಯೋಜನೆಯ ಮೂರನೇ ಒಂದು ಭಾಗಕ್ಕೆ, ಎಲ್ಲವೂ ಚೆನ್ನಾಗಿ ಕಾಣುವ ಹೊತ್ತಿಗೇ, ಒಬ್ಬೊಬ್ಬರನ್ನೂ ಕರೆದು ಮಾತಾಡುತ್ತೇನೆ. ಮುಂದಿದ್ದರೆ ಹೆಚ್ಚು ವಿಚಾರಿಸುತ್ತೇನೆ. ಯಾವಾಗಲೂ ಫಲಿಸುವುದಿಲ್ಲ. ಗ್ರಾಹಕರ ತಾರೀಖು ನಾನು ಹೇಳಿದ್ದಕ್ಕೆ ಬದಲಾಗುವುದಿಲ್ಲ. ಆದರೆ ಮುಂದಿದ್ದೇವೆ ಎಂಬ ಸುದ್ದಿಗೆ ಹಿಂದಿನಂತೆ ಖುಷಿಯಾಗುವುದಿಲ್ಲ.

ಇನ್ನೊಂದು ಓಟದ ಸಂಗತಿ ಹೇಳಿ ಮುಗಿಸುತ್ತೇನೆ. 2015ರ ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ ರಾಬ್ ಕ್ರಾರ್ ಗೆದ್ದು ಹದಿನೈದು ಗಂಟೆ ಕಳೆದಿತ್ತು. ಮರುದಿನದ ಬೆಳಗ್ಗೆ, 30 ಗಂಟೆಯ ಗಡುವು ಮುಗಿಯಲು ಕೆಲವೇ ನಿಮಿಷ. ಆಗ 70 ವರ್ಷದ ಗುನ್‌ಹಿಲ್ಡ್ ಸ್ವಾನ್ಸನ್ ಆಬರ್ನಿನ ಬೀದಿಗಳಲ್ಲಿ ಬರುತ್ತಿದ್ದಳು. ಕ್ರಾರ್ ಚಪ್ಪಲಿಯಲ್ಲೇ ಅವಳ ಪಕ್ಕ ಓಡತೊಡಗಿದ. ಮೈದಾನದಲ್ಲಿದ್ದವರೆಲ್ಲ ಎದ್ದು ನಿಂತು ಕೂಗುತ್ತಿದ್ದರು. ಟ್ರ್ಯಾಕಿನ ಕೊನೆಯ ತಿರುವಿನಲ್ಲಿ ಆ ಅಜ್ಜಿ ನಿಜಕ್ಕೂ ಓಡಿದಳು. ಗೆರೆ ದಾಟಿದಾಗ ಗಡಿಯಾರ 29:59:54 ತೋರಿಸುತ್ತಿತ್ತು. ಎಪ್ಪತ್ತು ದಾಟಿ ಆ ಓಟ ಮುಗಿಸಿದ ಮೊದಲ ಮಹಿಳೆ. ಉಳಿದದ್ದು ಆರು ಸೆಕೆಂಡು.

ಆ ವಿಡಿಯೋ ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. 30 ಗಂಟೆ ನಡೆದು ಓಡಿ ಬಂದ ಮೇಲೂ ಕೊನೆಯ ಮುನ್ನೂರು ಅಡಿಗೆ ಓಡುವಷ್ಟು ಏನೋ ಒಂದನ್ನು ಅವಳು ಉಳಿಸಿಕೊಂಡಿದ್ದಳು. ಮುಂದಿನ ಡಿಸೆಂಬರಿನಲ್ಲಿ ಅದೇ 50 ಕಿಲೋಮೀಟರಿಗೆ ಮತ್ತೆ ಹೆಸರು ಕೊಟ್ಟಿದ್ದೇನೆ. ಈ ಸಲ ಎಕ್ಸೆಲ್ ಹಾಳೆ ಮಾಡಿಲ್ಲ. ಏರು ಬಂದಾಗ ಕಾಕಾನ ಹಿಂದೆ ನಡೆಯುವುದೆಂದು ನಿರ್ಧರಿಸಿದ್ದೇನೆ.